ಗೋಡೆಯ ಎರಡೂ ಬದಿ ಬಲ್ಲವರು

ಫಿಸಿಯೊಥೆರಪಿ ಎಂದೊಡನೆ ನಮ್ಮಲ್ಲಿ ಬಹಳ ಜನರಿಗೆ ನೆನಪಾಗುವುದು ಕೆಂಪು ದೀಪದ ಶಾಖ, ಮಂಡಿಗೆ ಅಂಟಿಸುವ ವೈರುಗಳು ಮತ್ತು ‘ಹತ್ತು ದಿನ ಕರೆಂಟ್ ಇಡಿಸಿಕೊಂಡು ಬನ್ನಿ’ ಎಂಬ ಮಾತು. ಮಗಳು ಪಿ.ಯು.ಸಿ. ಮುಗಿಸಿ ಈ ಕೋರ್ಸಿಗೆ ಸೇರುತ್ತೇನೆ ಎಂದರೆ ಮನೆಯ ಹಿರಿಯರು ಕೇಳುವ ಮೊದಲ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡೇ ಇರುತ್ತದೆ: ‘ಅದರಲ್ಲಿ ಓದುವುದಕ್ಕೆ ಏನಿದೆ? ಕೈಕಾಲು ತಿಕ್ಕುವುದು ತಾನೆ?’

ಈ ಪ್ರಶ್ನೆಗೆ ಪಠ್ಯಕ್ರಮದ ಪಟ್ಟಿಯನ್ನು ಮುಂದಿಟ್ಟು ಉತ್ತರಿಸಬಹುದು. ಅದಕ್ಕಿಂತ ಒಳ್ಳೆಯ ಉತ್ತರವೆಂದರೆ ಈ ವೃತ್ತಿಯನ್ನು ಬೆಳೆಸಿದವರು ಹೇಗೆ ಕೆಲಸ ಮಾಡಿದರು ಎಂಬುದನ್ನು ನೋಡುವುದು. ಬೆಳಿಗ್ಗೆ ರೋಗಿಗಳನ್ನು ನೋಡಿ, ಮಧ್ಯಾಹ್ನ ವಿದ್ಯಾರ್ಥಿಗಳಿಗೆ ಪಾಠ ಹೇಳಿ, ಉಳಿದ ವೇಳೆಯಲ್ಲಿ ತಮ್ಮ ಚಿಕಿತ್ಸೆಯನ್ನೇ ಸಂಶೋಧನೆಯ ಒರೆಗಲ್ಲಿಗೆ ಹಚ್ಚಿದವರು ಈ ಕ್ಷೇತ್ರದಲ್ಲಿ ಕೆಲವರಿದ್ದಾರೆ. ಮೂರೂ ಕೆಲಸ ಒಬ್ಬರೇ ಏಕೆ ಮಾಡಬೇಕು, ಒಂದೊಂದನ್ನು ಒಬ್ಬೊಬ್ಬರು ಹಂಚಿಕೊಂಡರೆ ಆಗದೆ ಎಂದು ಕೇಳುವುದು ಸಹಜ. ಇದಕ್ಕೆ ಸ್ಪಷ್ಟವಾದ ಉತ್ತರ ಸಿಗುವುದು ಆಸ್ಟ್ರೇಲಿಯಾದಲ್ಲಿ. ಅಲ್ಲಿನ ಫಿಸಿಯೊಥೆರಪಿಯ ಕಳೆದ ಆರೇಳು ದಶಕಗಳ ಚರಿತ್ರೆ ಈ ಮೂರು ಕೆಲಸಗಳ ಕೂಡುವಿಕೆಯ ಚರಿತ್ರೆಯೂ ಹೌದು.

ವಾರಕ್ಕೆ ಅರ್ಧ ದಿನ

ಜೆಫ್ರಿ ಮೇಟ್ಲೆಂಡ್ ಹುಟ್ಟಿದ್ದು 1924ರಲ್ಲಿ, ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡ್ ನಗರದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ವಾಯುಪಡೆಯಲ್ಲಿ ಸೇವೆ ಸಲ್ಲಿಸಿ ಊರಿಗೆ ಮರಳಿದ ಮೇಲೆ, 1946ರಿಂದ 1949ರವರೆಗೆ ಫಿಸಿಯೊಥೆರಪಿ ಕಲಿತರು. ರಾಯಲ್ ಅಡಿಲೇಡ್ ಆಸ್ಪತ್ರೆಯಲ್ಲಿ ಮತ್ತು ಅದೇ ಊರಿನ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. ಮೂಳೆ, ಕೀಲು ಮತ್ತು ನರಗಳ ತೊಂದರೆಯಿಂದ ಬರುವ ರೋಗಿಗಳತ್ತ ಅವರ ಆಸಕ್ತಿ ಹರಿಯಿತು.

ಕೆಲಕಾಲದ ನಂತರ ಅವರು ತಮ್ಮ ವಾರವನ್ನು ಹಂಚಿಕೊಂಡ ರೀತಿ ಗಮನಿಸುವಂಥದು. ಅರ್ಧ ಹೊತ್ತು ಸ್ವಂತ ಚಿಕಿತ್ಸಾಲಯದಲ್ಲಿ ರೋಗಿಗಳ ನಡುವೆ. ಇನ್ನರ್ಧ ಹೊತ್ತು ಅಲ್ಲಿನ ಫಿಸಿಯೊಥೆರಪಿ ಶಾಲೆಯಲ್ಲಿ, ವಿದ್ಯಾರ್ಥಿಗಳಿಗೆ ರೋಗಿಯ ಪಕ್ಕದಲ್ಲೇ ನಿಂತು ಕಲಿಸುವ ಶಿಕ್ಷಕನಾಗಿ. ಈ ಶಾಲೆಯಿದ್ದ ಸಂಸ್ಥೆ 1991ರಲ್ಲಿ ಸೌತ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಲ್ಲಿ ಸೇರಿಹೋಯಿತು. ಇವೆರಡರ ಜೊತೆಗೆ ಮೇಟ್ಲೆಂಡ್ ಇನ್ನೊಂದು ನೇಮ ಇಟ್ಟುಕೊಂಡಿದ್ದರು. ಪ್ರತಿ ವಾರ ಅರ್ಧ ದಿನವನ್ನು ಅಡಿಲೇಡ್ ವಿಶ್ವವಿದ್ಯಾಲಯದ ಬಾರ್ ಸ್ಮಿತ್ ಗ್ರಂಥಾಲಯದಲ್ಲಿ ಮತ್ತು ವೈದ್ಯಕೀಯ ಶಾಲೆಯ ಗ್ರಂಥಾಲಯದಲ್ಲಿ ಓದಿಗೆ ಮೀಸಲಿಡುತ್ತಿದ್ದರು.

ಸ್ವಂತ ಚಿಕಿತ್ಸಾಲಯ ನಡೆಸುವವನಿಗೆ ಅರ್ಧ ದಿನ ಬಾಗಿಲು ಹಾಕುವುದೆಂದರೆ ಅರ್ಧ ದಿನದ ಸಂಪಾದನೆ ಬಿಟ್ಟಂತೆ. ಆದರೂ ಈ ನೇಮದಿಂದ ಬಂದ ಫಲ ದೊಡ್ಡದು. 1954ರಿಂದ ಅವರು ಕೀಲುಗಳ ಕೈಚಿಕಿತ್ಸೆಯನ್ನು ಕಲಿಸತೊಡಗಿದರು. 1961ರಲ್ಲಿ ಅಧ್ಯಯನ ನಿಧಿಯೊಂದರ ನೆರವಿನಿಂದ ವಿದೇಶ ಪ್ರವಾಸ ಕೈಗೊಂಡು, ಲಂಡನ್ನಿನಲ್ಲಿ ಜೇಮ್ಸ್ ಸಿರಿಯಾಕ್ಸ್ ಮೊದಲಾದ ಹೆಸರಾಂತ ತಜ್ಞರನ್ನು ಕಂಡು ಚರ್ಚಿಸಿದರು. 1964ರಲ್ಲಿ ಬೆನ್ನುಮೂಳೆಯ ಕೈಚಿಕಿತ್ಸೆಯ ಬಗ್ಗೆ ಅವರ ‘ವರ್ಟೆಬ್ರಲ್ ಮ್ಯಾನಿಪ್ಯುಲೇಷನ್’ ಎಂಬ ಗ್ರಂಥ ಹೊರಬಂತು. 1970ರಲ್ಲಿ ಕೈಕಾಲಿನ ಕೀಲುಗಳ ಬಗೆಗಿನ ಗ್ರಂಥ ಬಂತು. ಇವೆರಡೂ ಜಗತ್ತಿನ ಅನೇಕ ದೇಶಗಳಲ್ಲಿ ಪಠ್ಯಗಳಾದವು. ಮೇಟ್ಲೆಂಡ್ 2010ರಲ್ಲಿ ತೀರಿಕೊಂಡರು.

ಗೋಡೆಯಲ್ಲೊಂದು ಕಿಂಡಿ

ಮೇಟ್ಲೆಂಡ್ ತಮ್ಮ ವಿದ್ಯಾರ್ಥಿಗಳಿಗೆ ಒಂದು ಚಿತ್ರ ಬರೆದು ತೋರಿಸುತ್ತಿದ್ದರು. ನಡುವೆ ಒಂದು ಇಟ್ಟಿಗೆ ಗೋಡೆ. ಗೋಡೆಯ ಒಂದು ಬದಿಗೆ ಪುಸ್ತಕದಿಂದ ಬಂದ ತಿಳಿವು: ಅಂಗರಚನೆ, ರೋಗದ ಹೆಸರು, ಕಾರಣಗಳ ಬಗ್ಗೆ ಊಹೆ, ಸಿದ್ಧಾಂತ. ಇನ್ನೊಂದು ಬದಿಗೆ ರೋಗಿಯಿಂದ ಬಂದ ತಿಳಿವು: ಅವನು ಹೇಳಿದ ಕಥೆ, ನೋವಿರುವ ಜಾಗ, ಯಾವ ಚಲನೆಗೆ ನೋವು ಏಳುತ್ತದೆ, ಎಷ್ಟು ಬಗ್ಗಲು ಆಗುತ್ತದೆ. ಆದರೆ ಇದು ಗಟ್ಟಿ ಗೋಡೆಯಲ್ಲ. ಇಟ್ಟಿಗೆಗಳ ನಡುವೆ ಸಂದುಗಳಿವೆ. ಒಂದು ಬದಿಯ ವಿಚಾರ ಇನ್ನೊಂದು ಬದಿಗೆ ಹಾದುಹೋಗಬಹುದು.

ಹಾಗಾದರೆ ಗೋಡೆಯಾದರೂ ಏಕೆ ಬೇಕು? ಪುಸ್ತಕದ ಹೆಸರು ರೋಗಿಯ ಮಾತನ್ನು ನುಂಗಿಹಾಕಬಾರದು ಎಂಬ ಕಾರಣಕ್ಕೆ. ಎಕ್ಸ್‌ರೇಯಲ್ಲಿ ಮೂಳೆ ಸವೆದಂತೆ ಕಂಡಿತು ಎಂದ ಮಾತ್ರಕ್ಕೆ ರೋಗಿಯ ನೋವು ಅದರಿಂದಲೇ ಬಂದಿದೆ ಎನ್ನುವಂತಿಲ್ಲ. ಅದೇ ಬಗೆಯ ಸವೆತವಿದ್ದೂ ನೋವಿಲ್ಲದೆ ಗದ್ದೆ ಕೆಲಸ ಮಾಡುವವರು ಇದ್ದಾರೆ. ಸಿದ್ಧಾಂತವೂ ರೋಗಿಯ ದೇಹವೂ ಬೇರೆ ಬೇರೆ ಮಾತು ಹೇಳಿದಾಗ ಚಿಕಿತ್ಸಕ ರೋಗಿಯ ದೇಹವನ್ನೇ ನಂಬಿ ಮುಂದುವರಿಯಬೇಕು, ಸಿದ್ಧಾಂತವನ್ನು ಮತ್ತೆ ಪರೀಕ್ಷಿಸಬೇಕು ಎಂಬುದು ಮೇಟ್ಲೆಂಡ್ ಅವರ ನಿಲುವು.

ಈ ಗೋಡೆಯ ಚಿತ್ರ ಒಬ್ಬ ರೋಗಿಯ ವಿಷಯಕ್ಕೆ ಮಾತ್ರವಲ್ಲ, ಇಡೀ ವೃತ್ತಿಗೇ ಅನ್ವಯಿಸುತ್ತದೆ. ವಿಶ್ವವಿದ್ಯಾಲಯ ಗೋಡೆಯ ಒಂದು ಬದಿ, ಆಸ್ಪತ್ರೆ ಇನ್ನೊಂದು ಬದಿ. ಎರಡೂ ಕಡೆ ಓಡಾಡುವ ಮನುಷ್ಯರಿಲ್ಲದಿದ್ದರೆ ಸಂದುಗಳೆಲ್ಲ ಮುಚ್ಚಿಹೋಗುತ್ತವೆ.

ರೋಗಿಯ ಚೀಟಿಯಲ್ಲಿ ನಕ್ಷತ್ರ

ವಿಜ್ಞಾನದ ವಿದ್ಯಾರ್ಥಿಗಳು ಪ್ರಯೋಗ ಪುಸ್ತಕ ಬರೆಯುತ್ತಾರಷ್ಟೆ. ಪ್ರಯೋಗಕ್ಕೆ ಮೊದಲು ಅಳತೆ, ನಂತರ ಅಳತೆ, ಎರಡರ ವ್ಯತ್ಯಾಸ. ಮೇಟ್ಲೆಂಡ್ ಪ್ರತಿ ರೋಗಿಯ ದಾಖಲೆಯನ್ನೂ ಹೀಗೆಯೇ ಬರೆದರು, ಬರೆಯಲು ಕಲಿಸಿದರು. ರೋಗಿಯ ಮುಖ್ಯ ತೊಂದರೆಗೆ ಹೊಂದುವ ಒಂದೆರಡು ಲಕ್ಷಣಗಳನ್ನು ಆರಿಸಿ ಅವುಗಳ ಪಕ್ಕದಲ್ಲಿ ನಕ್ಷತ್ರದ ಗುರುತು ಹಾಕುವುದು; ಚಿಕಿತ್ಸೆಯ ಪ್ರತಿ ಹಂತ ಮುಗಿದೊಡನೆ ಅವನ್ನೇ ಮತ್ತೆ ನೋಡುವುದು. ಬದಲಾವಣೆ ಕಂಡರೆ ಅದೇ ದಾರಿ. ಕಾಣದಿದ್ದರೆ ಬೇರೆ ದಾರಿ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಭುಜ ಹಿಡಿದುಕೊಂಡ ಅಜ್ಜಿಯೊಬ್ಬರು ಬರುತ್ತಾರೆ. ವಿದ್ಯಾರ್ಥಿನಿ ಕೋನಮಾಪಕ ಹಿಡಿದು ಕೈ ಎಷ್ಟು ಡಿಗ್ರಿ ಏಳುತ್ತದೆ ಎಂದು ಬರೆದುಕೊಳ್ಳುತ್ತಾಳೆ. ಪಕ್ಕದಲ್ಲಿ ನಿಂತ ಅಧ್ಯಾಪಕಿ ಕೇಳುತ್ತಾರೆ: ‘ಅಜ್ಜಿ, ಮನೇಲಿ ಯಾವ ಕೆಲಸ ಮಾಡೋಕೆ ಆಗ್ತಿಲ್ಲ ಹೇಳಿ.’ ಅಜ್ಜಿ ಹೇಳುವುದು ಡಿಗ್ರಿಯ ಲೆಕ್ಕವನ್ನಲ್ಲ: ‘ತುರುಬು ಕಟ್ಕೊಳ್ಳೋಕೆ ಆಗಲ್ಲಮ್ಮ, ಸೊಸೆ ಕೈಲೇ ಕಟ್ಟಿಸ್ಕೋಬೇಕು.’ ನಕ್ಷತ್ರದ ಗುರುತು ಬೀಳಬೇಕಾದದ್ದು ಇಲ್ಲಿ. ಪಾಠದ ಕೋಣೆಯಲ್ಲಿ ಕುಳಿತು ಇದನ್ನು ಕಲಿಸಲು ಬರುವುದಿಲ್ಲ. ಸ್ವತಃ ರೋಗಿಗಳನ್ನು ನೋಡುತ್ತಿರುವ ಅಧ್ಯಾಪಕರಿಗೆ ಮಾತ್ರ ಇಂಥ ಪ್ರಶ್ನೆ ತಾನಾಗಿ ಬಾಯಿಗೆ ಬರುತ್ತದೆ.

ಕಲಿಸಲು ಹೊರಟಾಗ ಹುಟ್ಟಿದ ಭಾಷೆ

ಪಾಠ ಹೇಳುವ ಕೆಲಸ ಚಿಕಿತ್ಸೆಗೆ ಏನು ಕೊಡುತ್ತದೆ ಎಂಬುದಕ್ಕೂ ಮೇಟ್ಲೆಂಡ್ ಅವರ ಜೀವನದಲ್ಲಿ ಉತ್ತರವಿದೆ. ನುರಿತ ಚಿಕಿತ್ಸಕನ ಹೆಬ್ಬೆರಳಿಗೆ ಕೀಲಿನ ಬಿಗಿತ ಗೊತ್ತಾಗುತ್ತದೆ. ಆದರೆ ಅದನ್ನು ಇಪ್ಪತ್ತು ವರ್ಷದ ವಿದ್ಯಾರ್ಥಿಗೆ ಹೇಳುವುದು ಹೇಗೆ? ‘ಸ್ವಲ್ಪ ಮೆಲ್ಲಗೆ’, ‘ಇನ್ನೂ ಒತ್ತಿ’ ಎಂದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. 1962ರಲ್ಲಿ ಆಸ್ಟ್ರೇಲಿಯಾದ ಫಿಸಿಯೊಥೆರಪಿಸ್ಟರ ಮುಂದೆ ಅವರು ಮಂಡಿಸಿದ ಪ್ರಬಂಧದ ವಿಷಯವೇ ಬೆನ್ನುಮೂಳೆಯ ಕೈಚಿಕಿತ್ಸೆಯನ್ನು ಕಲಿಸುವುದರಲ್ಲಿರುವ ಸಮಸ್ಯೆಗಳು.

ಈ ತೊಡಕಿನಿಂದ ಹುಟ್ಟಿದ್ದು ‘ಮೇಟ್ಲೆಂಡ್ ಗ್ರೇಡು’ಗಳು. ಬಿಗಿದ ಕೀಲನ್ನು ಒಂದು ಸೆಕೆಂಡಿಗೆ ಎರಡು ಮೂರು ಸಲದಂತೆ ಲಯಬದ್ಧವಾಗಿ ಆಡಿಸುವುದು ಇಲ್ಲಿನ ಮೂಲ ಕ್ರಮ. ಭೌತಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಆಂದೋಲನ. ಚಲನೆಯ ಆರಂಭದಲ್ಲೇ ಸಣ್ಣ ಆಂದೋಲನ ಕೊಟ್ಟರೆ 1ನೆಯ ಗ್ರೇಡು. ಬಿಗಿತದ ಎಲ್ಲೆಯನ್ನು ಮುಟ್ಟದಂತೆ ದೊಡ್ಡ ಆಂದೋಲನ ಕೊಟ್ಟರೆ 2ನೆಯದು. ಎಲ್ಲೆಯವರೆಗೂ ಹೋಗುವ ದೊಡ್ಡ ಆಂದೋಲನ 3ನೆಯದು. ಎಲ್ಲೆಯಲ್ಲೇ ನಿಂತು ಕೊಡುವ ಸಣ್ಣ ಆಂದೋಲನ 4ನೆಯದು. ನೋವೇ ಹೆಚ್ಚಾಗಿರುವಾಗ ಮೊದಲೆರಡು, ಬಿಗಿತವೇ ಮುಖ್ಯವಾದಾಗ ಕೊನೆಯೆರಡು. ತುಕ್ಕು ಹಿಡಿದ ಬಾಗಿಲನ್ನು ಒಮ್ಮೆಲೇ ಒದೆಯದೆ, ಹಿಂದೆ ಮುಂದೆ ಆಡಿಸುತ್ತ ಸಡಿಲಿಸುವ ಜಾಣತನ ಇದರಲ್ಲಿದೆ. ಅನಿರೀಕ್ಷಿತವಾಗಿ ಒಮ್ಮೆಲೇ ಕೊಡುವ ಎಳೆತವನ್ನು ರೋಗಿ ತಡೆಯಲಾರ. ಮೆಲ್ಲನೆಯ ಆಂದೋಲನವನ್ನಾದರೋ ಬೇಡವೆನಿಸಿದ ಕೂಡಲೇ ಬಿಗಿಹಿಡಿದು ನಿಲ್ಲಿಸಬಲ್ಲ. ಈ ವ್ಯತ್ಯಾಸವನ್ನು ಮೇಟ್ಲೆಂಡ್ ಒತ್ತಿ ಹೇಳಿದರು.

ಇದೇ ದಾರಿಯಲ್ಲಿ ಮುಂದುವರಿದು, 1970ರಲ್ಲಿ ಜೆನಿಫರ್ ಹಿಕ್ಲಿಂಗ್ ಮತ್ತು ಮೇಟ್ಲೆಂಡ್ ಕೀಲಿನ ಚಲನೆಯನ್ನು ನಕ್ಷೆಯಲ್ಲಿ ಬರೆಯುವ ಕ್ರಮವನ್ನು ಪ್ರಕಟಿಸಿದರು. ಅಡ್ಡ ಅಕ್ಷದಲ್ಲಿ ಚಲನೆಯ ವ್ಯಾಪ್ತಿ; ಲಂಬ ಅಕ್ಷದಲ್ಲಿ ನೋವು, ಬಿಗಿತ, ಸ್ನಾಯುವಿನ ಸೆಳೆತ ಎಷ್ಟೆಂಬುದು. ಹೆಬ್ಬೆರಳಿಗೆ ಮಾತ್ರ ತಿಳಿಯುತ್ತಿದ್ದದ್ದು ಹೀಗೆ ಕಾಗದದ ಮೇಲೆ ಗ್ರಾಫ್ ಆಗಿ ಇಳಿಯಿತು. ಕಲಿಸಬೇಕಾದ ಒತ್ತಾಯವಿಲ್ಲದಿದ್ದರೆ ಆ ಕೌಶಲ ಅವರ ಕೈಯಲ್ಲೇ ಉಳಿದು ಅವರೊಂದಿಗೇ ಹೋಗುತ್ತಿತ್ತು. ಇಂದು ಕರ್ನಾಟಕದ ಫಿಸಿಯೊಥೆರಪಿ ಕಾಲೇಜುಗಳ ವಿದ್ಯಾರ್ಥಿಗಳೂ ಮೇಟ್ಲೆಂಡ್ ಗ್ರೇಡುಗಳನ್ನು ಕಲಿಯುತ್ತಾರೆ.

ಅಧಿಕಾರದೊಂದಿಗೆ ಬಂದ ಹೊಣೆ

1976ರಲ್ಲಿ ಆಸ್ಟ್ರೇಲಿಯಾದ ಫಿಸಿಯೊಥೆರಪಿ ಸಂಘ ಒಂದು ದೊಡ್ಡ ಹೆಜ್ಜೆ ಇಟ್ಟಿತು. ವೈದ್ಯರ ಚೀಟಿಯಿಲ್ಲದೆ ರೋಗಿಯನ್ನು ನೋಡಬಾರದು ಎಂಬ ತನ್ನ ಹಳೆಯ ನಿಯಮವನ್ನು ಕೈಬಿಟ್ಟಿತು. ರೋಗಿ ನೇರವಾಗಿ ಫಿಸಿಯೊಥೆರಪಿಸ್ಟರ ಬಳಿ ಬರಬಹುದಾಯಿತು. ಇದನ್ನು ಗೌರವ ಎಂದಷ್ಟೇ ತಿಳಿದರೆ ಅರ್ಧ ಮಾತ್ರ ತಿಳಿದಂತೆ. ಬೆನ್ನುನೋವೆಂದು ಬಂದವರಲ್ಲಿ ಬಹುಪಾಲು ಜನರದು ಸಾಮಾನ್ಯ ನೋವು. ಆದರೆ ಎಲ್ಲೋ ಒಬ್ಬರಿಗೆ ಗಡ್ಡೆಯೋ ಸೋಂಕೋ ಮುರಿತವೋ ಇರಬಹುದು. ಅಂಥವರನ್ನು ಗುರುತಿಸಿ ಕೂಡಲೇ ವೈದ್ಯರ ಬಳಿ ಕಳಿಸುವ ಹೊಣೆ ಈಗ ಮೊದಲು ನೋಡಿದವರದೇ. ಹೇಳಿದ ಚಿಕಿತ್ಸೆಯನ್ನು ಹೇಳಿದಷ್ಟು ದಿನ ಮಾಡುವವರಿಗೆ ಈ ಹೊಣೆ ಹೊರಲಾಗದು. ಆಲೋಚಿಸುವ, ಓದುವ, ತನ್ನ ತೀರ್ಮಾನವನ್ನು ಸಮರ್ಥಿಸಿಕೊಳ್ಳಬಲ್ಲ ಚಿಕಿತ್ಸಕರು ಬೇಕು. ಅವರನ್ನು ತಯಾರಿಸಬೇಕಾದ್ದು ವಿಶ್ವವಿದ್ಯಾಲಯ.

ಅನುಭವ ಸಾಲದಾಗುವುದು ಎಲ್ಲಿ?

ಇಲ್ಲಿಯವರೆಗೆ ಚಿಕಿತ್ಸೆ ಮತ್ತು ಪಾಠದ ಮಾತಾಯಿತು. ಸಂಶೋಧನೆ ಏಕೆ ಬೇಕು? ಮೂವತ್ತು ವರ್ಷದ ಅನುಭವವಿರುವ ಚಿಕಿತ್ಸಕರು ‘ನನ್ನ ಚಿಕಿತ್ಸೆಯಿಂದ ನೂರಾರು ಜನ ಗುಣವಾಗಿದ್ದಾರೆ’ ಎಂದರೆ ಸಾಲದೆ?

ಸಾಲದು. ನೆಗಡಿಗೆ ಔಷಧಿ ತೆಗೆದುಕೊಂಡರೆ ಏಳು ದಿನ, ಇಲ್ಲದಿದ್ದರೆ ಒಂದು ವಾರ ಎಂಬ ತಮಾಷೆಯ ಮಾತನ್ನು ಎಲ್ಲರೂ ಕೇಳಿದ್ದಾರೆ. ಬೆನ್ನುನೋವು, ಕತ್ತುನೋವು ಕೂಡ ಹೀಗೆಯೇ. ಅನೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತವೆ. ಅಲ್ಲದೆ ರೋಗಿ ಚಿಕಿತ್ಸಾಲಯಕ್ಕೆ ಬರುವುದು ನೋವು ಏರಿ ತಡೆಯಲಾಗದಿದ್ದ ದಿನ. ಏರಿದ್ದು ಇಳಿಯಲೇಬೇಕು, ಇಳಿದಾಗ ಹೆಸರು ಚಿಕಿತ್ಸೆಗೆ. ಹಾಗಾಗಿ ಗೊಬ್ಬರ ಹಾಕಿದ ಮಡಿಯ ಪಕ್ಕದಲ್ಲಿ ಗೊಬ್ಬರ ಹಾಕದ ಮಡಿಯೂ ಇರಬೇಕಾದಂತೆ, ಚಿಕಿತ್ಸೆ ಪಡೆದ ಗುಂಪಿನ ಪಕ್ಕದಲ್ಲಿ ಅದನ್ನು ಪಡೆಯದ ಗುಂಪೂ ಇರಬೇಕು. ಯಾರು ಯಾವ ಗುಂಪಿಗೆ ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗಬೇಕು. ಫಲಿತಾಂಶ ಅಳೆಯುವವರಿಗೆ ಯಾರು ಯಾವ ಗುಂಪಿನವರು ಎಂದು ತಿಳಿದಿರಬಾರದು.

ಇಂಥ ಪರೀಕ್ಷೆ ಎಷ್ಟು ಅಗತ್ಯ ಎಂಬುದಕ್ಕೆ ಹಾಸಿಗೆ ವಿಶ್ರಾಂತಿಯ ಕಥೆ ಸಾಕು. ಬೆನ್ನು ಹಿಡಿದುಕೊಂಡರೆ ಮಲಗಿಯೇ ಇರಬೇಕು ಎಂಬುದು ದಶಕಗಳ ಕಾಲ ಜಗತ್ತಿನೆಲ್ಲೆಡೆ ಕೊಟ್ಟ ಸಲಹೆ. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ, ಆಗತಾನೆ ಬೆನ್ನುನೋವು ಬಂದ 186 ನೌಕರರ ಮೇಲೆ ನಡೆದ ಪರೀಕ್ಷೆಯ ವರದಿ ಪ್ರಕಟವಾಯಿತು. ಒಂದು ಗುಂಪಿಗೆ ಎರಡು ದಿನ ಹಾಸಿಗೆ ವಿಶ್ರಾಂತಿ. ಒಂದು ಗುಂಪಿಗೆ ಬೆನ್ನಿನ ವ್ಯಾಯಾಮ. ಇನ್ನೊಂದು ಗುಂಪಿಗೆ ನೋವು ತಡೆಯಲಾಗುವಷ್ಟರ ಮಟ್ಟಿಗೆ ದಿನನಿತ್ಯದ ಕೆಲಸ. ಬೇಗ ಚೇತರಿಸಿಕೊಂಡವರು ದಿನನಿತ್ಯದ ಕೆಲಸ ಮಾಡಿಕೊಂಡಿದ್ದವರು. ಎಲ್ಲಕ್ಕಿಂತ ನಿಧಾನವಾಗಿ ಚೇತರಿಸಿಕೊಂಡವರು ಮಲಗಿದವರು. ಅಷ್ಟೂ ವರ್ಷ ಸಲಹೆ ಕೊಟ್ಟವರು ಅನುಭವವಿಲ್ಲದವರೇನೂ ಆಗಿರಲಿಲ್ಲ.

ಮೇಟ್ಲೆಂಡ್ ಕಲಿಸಿದ ಕೈಚಿಕಿತ್ಸೆಗೂ ಇಂಥ ಪರೀಕ್ಷೆ ಬಂತು. ಕತ್ತಿನ ಕೀಲುಗಳಿಂದ ಹುಟ್ಟುವ ತಲೆನೋವಿನ 200 ರೋಗಿಗಳ ಮೇಲೆ ನಡೆದ ಪರೀಕ್ಷೆಯನ್ನು ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದ ಫಿಸಿಯೊಥೆರಪಿಸ್ಟ್ ಗ್ವೆಂಡೊಲಿನ್ ಜಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಮೇಟ್ಲೆಂಡ್ ವಿವರಿಸಿದ ಬಗೆಯ ಕೈಚಿಕಿತ್ಸೆ, ಒಂದಕ್ಕೆ ವ್ಯಾಯಾಮ, ಒಂದಕ್ಕೆ ಎರಡೂ, ಇನ್ನೊಂದಕ್ಕೆ ಎರಡೂ ಇಲ್ಲ. 12 ತಿಂಗಳ ನಂತರ ನೋಡಿದಾಗ ಕೈಚಿಕಿತ್ಸೆಯೂ ವ್ಯಾಯಾಮವೂ ತಲೆನೋವನ್ನು ತಗ್ಗಿಸಿದ್ದವು. ಎರಡನ್ನೂ ಸೇರಿಸಿದ್ದರಿಂದ ಒಂದೊಂದಕ್ಕಿಂತ ಗಣನೀಯವಾಗಿ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಅನುಭವ ಹೇಳಿದ್ದರಲ್ಲಿ ಎಷ್ಟು ನಿಜ ಎಂಬುದು ಹೀಗೆ ಗೊತ್ತಾಯಿತು.

ಆಸ್ಪತ್ರೆಯ ಪ್ರಶ್ನೆ, ವಿಶ್ವವಿದ್ಯಾಲಯದ ಉತ್ತರ

ಆಗ ಅದೇ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದಲ್ಲಿದ್ದ ಇನ್ನೊಬ್ಬ ಫಿಸಿಯೊಥೆರಪಿಸ್ಟ್ ಜೂಲಿ ಹೈಡ್ಸ್. ಬ್ರಿಸ್ಬೇನ್ ನಗರದ ಮೇಟರ್ ಆಸ್ಪತ್ರೆಯಲ್ಲಿ ವಿಶ್ವವಿದ್ಯಾಲಯದ ಸಹಯೋಗದೊಂದಿಗೆ ನಡೆಯುತ್ತಿದ್ದ ಬೆನ್ನುನೋವಿನ ಚಿಕಿತ್ಸಾಲಯದ ಹೊಣೆಯನ್ನು ಅವರು ವರ್ಷಗಳ ಕಾಲ ಹೊತ್ತಿದ್ದರು. ಬೆನ್ನುನೋವಿನ ಚಿಕಿತ್ಸಾಲಯದಲ್ಲಿ ದಿನವೂ ಎದುರಾಗುವ ಪ್ರಶ್ನೆಯೊಂದಿದೆ: ನೋವು ಹೋಯಿತು ಎಂದು ಮನೆಗೆ ಹೋದವರು ಕೆಲವೇ ತಿಂಗಳಲ್ಲಿ ಮತ್ತೆ ಬೆನ್ನು ಹಿಡಿದುಕೊಂಡು ಬರುವುದೇಕೆ?

ಬೆನ್ನುಮೂಳೆಯ ಎರಡೂ ಪಕ್ಕದಲ್ಲಿ, ಮೂಳೆಗೆ ಅಂಟಿಕೊಂಡಂತೆ ಮಲ್ಟಿಫಿಡಸ್ ಎಂಬ ಸ್ನಾಯು ಇದೆ. ಹೈಡ್ಸ್ ಮತ್ತು ಸಂಗಡಿಗರು ಅಲ್ಟ್ರಾಸೌಂಡ್ ಮೂಲಕ ಅದರ ಅಡ್ಡಸೀಳಿಕೆಯ ವಿಸ್ತೀರ್ಣವನ್ನು ಅಳೆದರು. ಬಸುರಿಯರ ಹೊಟ್ಟೆಯಲ್ಲಿರುವ ಮಗುವನ್ನು ನೋಡಲು ಬಳಸುವ, ಕಿವಿಗೆ ಕೇಳಿಸದ ಶಬ್ದತರಂಗದ ಅದೇ ತಂತ್ರ ಇದು. ಒಂದು ಬದಿಗೆ ಬೆನ್ನುನೋವು ಬಂದವರಲ್ಲಿ ಅದೇ ಬದಿಯ ಸ್ನಾಯು ಕುಗ್ಗಿರುವುದು 1994ರ ವರದಿಯಲ್ಲಿ ತಿಳಿಯಿತು. 1996ರ ವರದಿಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಮೊದಲ ಸಲ ಬೆನ್ನುನೋವು ಬಂದವರಲ್ಲಿ ನೋವು ಇಳಿದ ಮೇಲೂ ಕುಗ್ಗಿದ ಸ್ನಾಯು ತಾನಾಗಿ ಮೊದಲಿನಂತೆ ಆಗುತ್ತಿರಲಿಲ್ಲ; ಅದಕ್ಕೆಂದೇ ಆರಿಸಿದ ವ್ಯಾಯಾಮ ಮಾಡಿದವರಲ್ಲಿ ಆಗುತ್ತಿತ್ತು.

ಈ 39 ರೋಗಿಗಳು ಮುಂದೆ ಏನಾದರು ಎಂಬುದನ್ನು ಅವರು ಬೆನ್ನುಹತ್ತಿ ನೋಡಿದರು. 2001ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಒಂದು ವರ್ಷದಲ್ಲಿ, ವ್ಯಾಯಾಮವಿಲ್ಲದ ಗುಂಪಿನ ಶೇ. 84 ಮಂದಿಗೆ ನೋವು ಮರುಕಳಿಸಿತ್ತು. ವ್ಯಾಯಾಮ ಮಾಡಿದ ಗುಂಪಿನಲ್ಲಿ ಶೇ. 30 ಮಂದಿಗೆ ಮಾತ್ರ. 39 ಸಣ್ಣ ಸಂಖ್ಯೆ. ಇದರಿಂದಲೇ ಎಲ್ಲವನ್ನೂ ತೀರ್ಮಾನಿಸಲಾಗದು. ಆದರೆ ಪ್ರಶ್ನೆ ಹುಟ್ಟಿದ್ದು ಚಿಕಿತ್ಸಾಲಯದಲ್ಲಿ, ಅಳತೆ ಬಂದದ್ದು ವಿಶ್ವವಿದ್ಯಾಲಯದಿಂದ, ಉತ್ತರ ಮರಳಿದ್ದು ರೋಗಿಯ ಬಳಿಗೆ ಎಂಬುದು ಇಲ್ಲಿ ಮುಖ್ಯ.

ಕ್ರಿಕೆಟ್ ಪ್ರಿಯರಿಗೂ ಇದರಲ್ಲೊಂದು ಸುದ್ದಿ ಇದೆ. 13 ವಾರಗಳ ತರಬೇತಿ ಶಿಬಿರದಲ್ಲಿದ್ದ 26 ಮಂದಿ ಆಸ್ಟ್ರೇಲಿಯನ್ ಯುವ ಕ್ರಿಕೆಟಿಗರ ಬೆನ್ನಿನ ಸ್ನಾಯುಗಳನ್ನು ಹೈಡ್ಸ್ ತಂಡ ಇದೇ ರೀತಿ ಅಳೆದು 2008ರಲ್ಲಿ ವರದಿ ಮಾಡಿತು. ಬೆನ್ನುನೋವಿದ್ದ ಆಟಗಾರರು ನಿರ್ದಿಷ್ಟ ವ್ಯಾಯಾಮ ಮಾಡಿದ ಮೇಲೆ ಸ್ನಾಯು ಬೆಳೆದು, ನೋವು ಸುಮಾರು ಅರ್ಧಕ್ಕೆ ಇಳಿದಿತ್ತು.

ತನ್ನನ್ನು ತಾನೇ ತಿದ್ದಿಕೊಳ್ಳುವ ವಿದ್ಯೆ

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಗೆಲುವಿನ ಕಥೆ ಮಾತ್ರ ಆಗುತ್ತಿತ್ತು. ಅದೇ ವಿಶ್ವವಿದ್ಯಾಲಯದ ಪಾಲ್ ಹಾಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ ಹೊಟ್ಟೆಯ ಒಳಪದರದ ಸ್ನಾಯುವಿಗೆ ಕೂದಲೆಳೆಯಂಥ ತಂತಿ ಸೇರಿಸಿ ಅದರ ವಿದ್ಯುತ್ ಸಂಕೇತ ದಾಖಲಿಸಿದರು. ಆರೋಗ್ಯವಂತರು ಕೈ ಎತ್ತುವ ಮುನ್ನವೇ ಆ ಸ್ನಾಯು ಬಿಗಿಯಾಗುತ್ತಿತ್ತು, ಬೆನ್ನುನೋವಿನವರಲ್ಲಿ ತಡವಾಗುತ್ತಿತ್ತು. 15 ಆರೋಗ್ಯವಂತರು ಮತ್ತು 15 ಬೆನ್ನುನೋವಿನವರ ಮೇಲೆ ನಡೆದ ಈ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಇಂಥ ಅಧ್ಯಯನಗಳ ಸುದ್ದಿ ಜಿಮ್‌ಗಳವರೆಗೂ ಹಬ್ಬಿ, ‘ಕೋರ್’ ವ್ಯಾಯಾಮ ಎಂಬುದು ಎಲ್ಲರ ಬಾಯಲ್ಲೂ ಬಂತು.

ಆದರೆ ವಿಜ್ಞಾನ ಅಲ್ಲಿಗೇ ನಿಲ್ಲಲಿಲ್ಲ. ದೀರ್ಘಕಾಲದ ಬೆನ್ನುನೋವಿಗೆ ಈ ಬಗೆಯ ವ್ಯಾಯಾಮ ಕೊಟ್ಟ ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗಿದ ಕಾಕ್ರೇನ್ ಸಂಸ್ಥೆಯ ವಿಮರ್ಶೆ 2016ರಲ್ಲಿ ಬಂತು. ಇದು ಉಳಿದ ವ್ಯಾಯಾಮಗಳಿಗಿಂತ ಮೇಲು ಎನ್ನಲು ತಕ್ಕ ಆಧಾರ ಅದರಲ್ಲಿ ಕಾಣಲಿಲ್ಲ. ವ್ಯಾಯಾಮ ವ್ಯರ್ಥ ಎಂದು ಇದರ ಅರ್ಥವಲ್ಲ. ಯಾವುದೋ ಒಂದೇ ವ್ಯಾಯಾಮಕ್ಕೆ ಮಂತ್ರದ ಶಕ್ತಿಯಿಲ್ಲ. ರೋಗಿ ಬಿಡದೆ ಮಾಡಬಲ್ಲ ವ್ಯಾಯಾಮವನ್ನು ಆರಿಸುವುದೇ ವಿವೇಕ ಎಂದಷ್ಟೇ ಅರ್ಥ. 1996ರಲ್ಲಿ ಕಲಿತ ಪಾಠವನ್ನೇ ಇಂದಿಗೂ ಹೇಳುವ ಅಧ್ಯಾಪಕರಿಗೂ, ಅದನ್ನೇ ಮಾಡಿಸುವ ಚಿಕಿತ್ಸಕರಿಗೂ ಈ ತಿದ್ದುಪಡಿ ತಲುಪುವುದಿಲ್ಲ. ನಷ್ಟ ಆಗುವುದು ರೋಗಿಗೆ. ಅವನ ಹಣಕ್ಕೆ ಮತ್ತು ಸಂಬಳ ಕಳೆದುಕೊಂಡು ಬಂದ ಅವನ ದಿನಗಳಿಗೆ.

ಎರಡು ದೋಣಿಯಲ್ಲ, ಮೂರು

ಎರಡು ದೋಣಿಗಳಲ್ಲಿ ಕಾಲಿಡಬೇಡ ಎಂದು ಹಿರಿಯರು ಹೇಳುತ್ತಾರೆ. ಇಲ್ಲಿ ಮೂರು ದೋಣಿಗಳಿವೆ. ಆಸ್ಪತ್ರೆ ಎಣಿಸುವುದು ರೋಗಿಗಳ ಸಂಖ್ಯೆಯನ್ನು. ವಿಶ್ವವಿದ್ಯಾಲಯ ಎಣಿಸುವುದು ಪ್ರಬಂಧಗಳನ್ನು. ವಿದ್ಯಾರ್ಥಿಗೆ ಬೇಕಾದದ್ದು ಅಧ್ಯಾಪಕರ ಸಮಯ. ಒಂದು ದಿನಕ್ಕಿರುವುದು 24 ಗಂಟೆ ಮಾತ್ರ. ಚಿಕಿತ್ಸಾಲಯದ ಆದಾಯ ಬಿಟ್ಟು ಪಾಠಕ್ಕೆ ಬಂದವರಿಗೆ ಹಣದ ಕೊರತೆ. ಪಾಠದ ನಡುವೆ ರೋಗಿಗಳನ್ನು ನೋಡುವವರಿಗೆ ಬಡ್ತಿಗೆ ಬೇಕಾದ ಪ್ರಬಂಧಗಳ ಕೊರತೆ. ಎಲ್ಲರೂ ಮೂರನ್ನೂ ಒಂದೇ ಪ್ರಮಾಣದಲ್ಲಿ ಮಾಡುವುದು ಸಾಧ್ಯವೂ ಇಲ್ಲ, ಅಗತ್ಯವೂ ಇಲ್ಲ. ಒಂದನ್ನು ಮುಖ್ಯವಾಗಿಟ್ಟುಕೊಂಡು ಉಳಿದೆರಡರ ಸಂಪರ್ಕ ಕಡಿಯದಂತೆ ನೋಡಿಕೊಂಡರೆ ಸಾಕು. ಮೇಟ್ಲೆಂಡ್ ಅವರ ವಾರಕ್ಕೆ ಅರ್ಧ ದಿನದ ಓದು ಇದಕ್ಕೆ ಮಾದರಿ.

ಇನ್ನೊಂದು ಅಪಾಯವೂ ಇದೆ. ತಾನೇ ಕಂಡುಹಿಡಿದ ಚಿಕಿತ್ಸೆಯನ್ನು ತಾನೇ ಪರೀಕ್ಷಿಸುವವರಿಗೆ ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ತಪ್ಪಿದ್ದಲ್ಲ. ಅದಕ್ಕಾಗಿಯೇ ಅಳೆಯುವವರು ಬೇರೆಯವರಾಗಿರಬೇಕು, ಪರೀಕ್ಷೆಗೆ ಮುನ್ನವೇ ಅದರ ಕ್ರಮವನ್ನು ಬಹಿರಂಗವಾಗಿ ನೋಂದಾಯಿಸಬೇಕು ಎಂಬ ಕಟ್ಟುಪಾಡುಗಳಿವೆ. ನಮ್ಮ ದೇಶದಲ್ಲಿ ಇಂಥ ನೋಂದಣಿಗೆಂದೇ ಇರುವ ಸಿ.ಟಿ.ಆರ್.ಐ. ವ್ಯವಸ್ಥೆ 2007ರಲ್ಲಿ ಆರಂಭವಾಯಿತು.

ನಮ್ಮ ಮಕ್ಕಳು ಈ ದಾರಿ ಹಿಡಿದರೆ

ಭಾರತದಲ್ಲಿ ಫಿಸಿಯೊಥೆರಪಿಯ ವ್ಯವಸ್ಥಿತ ಶಿಕ್ಷಣ ಮೊದಲಾದದ್ದು 1950ರ ದಶಕದ ಆರಂಭದಲ್ಲಿ, ಮುಂಬಯಿಯಲ್ಲಿ. ಕರ್ನಾಟಕದಲ್ಲಿ ಅನೇಕ ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ಫಿಸಿಯೊಥೆರಪಿಯೂ ಸೇರಿದಂತೆ ಅನೇಕ ಆರೋಗ್ಯ ವೃತ್ತಿಗಳ ಶಿಕ್ಷಣ ಮತ್ತು ನೋಂದಣಿಗಾಗಿ 2021ರಲ್ಲಿ ಸಂಸತ್ತು ಪ್ರತ್ಯೇಕ ಕಾಯ್ದೆಯನ್ನು ಅಂಗೀಕರಿಸಿತು. ಬಿ.ಪಿ.ಟಿ. ಪದವಿಯ ನಂತರ ಎರಡು ವರ್ಷದ ಎಂ.ಪಿ.ಟಿ. ಇದೆ, ಅದರಲ್ಲಿ ವಿದ್ಯಾರ್ಥಿ ಸ್ವತಃ ಒಂದು ಸಂಶೋಧನಾ ಪ್ರಬಂಧ ಬರೆಯಬೇಕು. ಅದರ ಮುಂದೆ ಪಿಎಚ್.ಡಿ. ಪಾಠ ಹೇಳುವ ಹಾದಿ ತೆರೆದುಕೊಳ್ಳುವುದು ಈ ಹಂತಗಳಲ್ಲಿ.

ಕಾಲೇಜು ಆರಿಸುವಾಗ ಪೋಷಕರು ಕಟ್ಟಡದ ಎತ್ತರ ನೋಡುವುದಕ್ಕಿಂತ ಕೆಲವು ಸರಳ ಪ್ರಶ್ನೆಗಳನ್ನು ಕೇಳುವುದು ಮೇಲು. ಕಾಲೇಜಿಗೆ ಸೇರಿದ ಆಸ್ಪತ್ರೆ ಇದೆಯೆ, ಅಲ್ಲಿಗೆ ನಿಜವಾಗಿ ರೋಗಿಗಳು ಬರುತ್ತಾರೆಯೆ? ಪಾಠ ಹೇಳುವ ಅಧ್ಯಾಪಕರು ಹೊರರೋಗಿ ವಿಭಾಗದಲ್ಲಿ ಕುಳಿತು ರೋಗಿಗಳನ್ನು ನೋಡುತ್ತಾರೆಯೆ? ಒಬ್ಬ ಅಧ್ಯಾಪಕರ ಸುತ್ತ ಎಷ್ಟು ವಿದ್ಯಾರ್ಥಿಗಳು ನಿಂತಿರುತ್ತಾರೆ? ಅಲ್ಲಿನವರು ಸಂಶೋಧನೆ ಪ್ರಕಟಿಸಿದ್ದಾರೆಯೆ? ಈ ನಾಲ್ಕಕ್ಕೆ ಸಿಗುವ ಉತ್ತರ ಬಣ್ಣದ ಜಾಹೀರಾತಿಗಿಂತ ಹೆಚ್ಚಿನದನ್ನು ತಿಳಿಸುತ್ತದೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ಜೀವಶಾಸ್ತ್ರ ಚೆನ್ನಾಗಿ ಬಂದರೆ ಸಾಕು ಎಂದುಕೊಂಡು ಭೌತಶಾಸ್ತ್ರವನ್ನು ಅಲಕ್ಷಿಸಬೇಡಿ. ಮೊಣಕೈ ಒಂದು ಸನ್ನೆ, ಕೀಲಿನ ಚಿಕಿತ್ಸೆ ಒಂದು ಆಂದೋಲನ, ಸ್ನಾಯುವಿನ ಚಿತ್ರ ಒಂದು ಪ್ರತಿಧ್ವನಿ. ಸರಾಸರಿ, ಶೇಕಡಾವಾರು, ಗ್ರಾಫ್ ಓದುವುದು ಬಂದರೆ ಮುಂದೆ ಸಂಶೋಧನಾ ವರದಿ ಅರ್ಥವಾಗುತ್ತದೆ. ಸಿಡ್ನಿಯ ಫಿಸಿಯೊಥೆರಪಿಸ್ಟರು 1999ರಲ್ಲಿ ಆರಂಭಿಸಿದ ‘ಪೆಡ್ರೊ’ ಎಂಬ ದತ್ತಾಂಶ ಭಂಡಾರದಲ್ಲಿ ಇಂದು ಈ ಕ್ಷೇತ್ರದ 60,000ಕ್ಕೂ ಹೆಚ್ಚು ಪರೀಕ್ಷೆಗಳು, ವಿಮರ್ಶೆಗಳು ಮತ್ತು ಮಾರ್ಗಸೂಚಿಗಳ ವಿವರವಿದೆ. ಪರೀಕ್ಷೆಗಳ ಗುಣಮಟ್ಟಕ್ಕೆ ಹತ್ತರಲ್ಲಿ ಇಷ್ಟು ಎಂದು ಅಂಕ ಹಾಕುವ ಕ್ರಮವೂ ಇದೆ. ಇದನ್ನು ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಅಡಿಲೇಡಿನಲ್ಲಿ ಮೇಟ್ಲೆಂಡ್ ಗ್ರಂಥಾಲಯಕ್ಕೆ ನಡೆದು ಹೋಗಿ ಹುಡುಕಬೇಕಾಗಿದ್ದ ಓದಿಗಿಂತ ಹೆಚ್ಚಿನದು ಈಗ ಹಳ್ಳಿಯ ವಿದ್ಯಾರ್ಥಿಯ ಕೈಯಲ್ಲೂ ಇದೆ. ಅದಕ್ಕೆಂದು ವಾರಕ್ಕೆ ಅರ್ಧ ದಿನ ಎತ್ತಿಡುವ ಶಿಸ್ತನ್ನು ಮಾತ್ರ ಪ್ರತಿಯೊಬ್ಬರೂ ತಾವೇ ರೂಢಿಸಿಕೊಳ್ಳಬೇಕು.